ನಾಲ್ಕನೇ ಕ್ಲಾಸಿನಲ್ಲಿ ಕೈತಪ್ಪುವ ಮಕ್ಕಳು: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಕೆಲಸದ ಬಹುಪಾಲು ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ) ಕೋಣೆಯಲ್ಲೇ ಕಳೆಯಿತು. ವಿಶೇಷ ಅಗತ್ಯವುಳ್ಳ ಮಕ್ಕಳ ಮಾತು ಬಂದಾಗಲೆಲ್ಲ ಇಲಾಖೆಯ ಮೀಟಿಂಗುಗಳಲ್ಲಿ ರ‍್ಯಾಂಪು, ಗಾಲಿಕುರ್ಚಿ, ಶ್ರವಣ ಸಾಧನಗಳ ಲೆಕ್ಕ ಕೇಳಿದ್ದೇನೆ. ಅವು ಬೇಕೇ ಬೇಕು. (ರ‍್ಯಾಂಪು ಜಗಲಿಯವರೆಗೆ ಇರುತ್ತದೆ, ಶೌಚಾಲಯಕ್ಕೆ ಹೋಗಲು ಮೂರು ಮೆಟ್ಟಿಲು ಹಾಗೇ ಇರುತ್ತವೆ. ಅದು ಬೇರೆ ಮಾತು.) ಇವತ್ತು ನಾನು ಬರೆಯುತ್ತಿರುವುದು ಈ ಲೆಕ್ಕಕ್ಕೆ ಸಿಗದ ಮಕ್ಕಳ ಬಗ್ಗೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಟದಲ್ಲಿ ಮುಂದು, ಮಾತಿನಲ್ಲಿ ಚುರುಕು. ಓದು ಬರಹ ಮಾತ್ರ ಹತ್ತುವುದಿಲ್ಲ.

ನನ್ನ ಹತ್ತಿರ ಒಬ್ಬ ಹುಡುಗಿ ಇದ್ದಳು. ಅಪ್ಪನ ಅಂಗಡಿಯ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳು. ಸ್ಲೇಟು ಕೊಟ್ಟರೆ ಸುಮ್ನೆ ಕೂತುಬಿಡುತ್ತಿದ್ದಳು. ಸರಳ ಪದಗಳನ್ನು ಹೇಗೋ ಓದುತ್ತಿದ್ದಳು, ಕಾಗುಣಿತದಲ್ಲಿ ತಡವರಿಸುತ್ತಿದ್ದಳು, ಒತ್ತಕ್ಷರ ಬಂದರೆ ಅಲ್ಲಿಗೆ ನಿಂತುಹೋಗುತ್ತಿದ್ದಳು. ಆದರೂ ನಲಿ-ಕಲಿಯಲ್ಲಿ ಅವಳಿಗೆ ಜಾಗ ಇತ್ತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯ ದೊಡ್ಡ ಗುಣವೇ ಅದು. ಮಗು ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಗುಂಪಿನಲ್ಲಿ, ಜೊತೆಯವರ ಸಹಾಯ ಸಾಕೆನ್ನುವವರು ಇನ್ನೊಂದರಲ್ಲಿ, ತಾವೇ ಕಲಿಯುವವರು ಮತ್ತೊಂದರಲ್ಲಿ. ಒಂದೇ ಕಾರ್ಡನ್ನು ವಾರಗಟ್ಟಲೆ ಹಿಡಿದು ಕೂತರೂ ಯಾರೂ ನಗುವುದಿಲ್ಲ.

ನಾಲ್ಕನೇ ಕ್ಲಾಸಿಗೆ ಹೋದ ಕೂಡಲೇ ಇದೆಲ್ಲ ಹೋಯಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಬೋರ್ಡು ನೋಡಿ ಬರೆಯುವುದು, ಉಕ್ತಲೇಖನ. ದೀಪಾವಳಿ ರಜೆ ಬರುವಷ್ಟರಲ್ಲಿ ಅವಳಿಗೆ ದಡ್ಡಿ ಅಂತ ಹೆಸರು ಬಿದ್ದಾಗಿತ್ತು. ಆ ಕ್ಲಾಸಿನ ಮೇಷ್ಟ್ರು ಕೆಟ್ಟವರಲ್ಲ. ಎರಡು ಕ್ಲಾಸು ಒಟ್ಟಿಗೆ ನೋಡಿಕೊಳ್ಳುವ ಅವರಿಗೆ, ಇಂಥ ಮಗುವಿಗೆ ಓದು ಹೇಗೆ ಕಲಿಸಬೇಕೆಂದು ತೋರಿಸಿಕೊಟ್ಟವರೇ ಇರಲಿಲ್ಲ.

ಸಚಿವರೇ, ಕಾನೂನಿನಲ್ಲಿ ಕೊರತೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ (ಚುರುಕಾದ ಮಗುವಿಗೂ ಓದು ಬರಹ ಹತ್ತದಿರುವುದು) ಇದೆ, ಆಟಿಸಂ ಕೂಡ ಇದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ನೆರವು ಕೊಡುವುದು ಶಾಲೆಯ ಕರ್ತವ್ಯ ಎಂದು ಅದರ 16ನೇ ಕಲಂ ಹೇಳುತ್ತದೆ. ಆದರೆ ಕಲಿಕಾ ನ್ಯೂನತೆಗೆ ಮಗುವಿಗೆ ಎಂಟು ವರ್ಷ ತುಂಬುವ ಮೊದಲು ಸರ್ಟಿಫಿಕೇಟ್ ಸಿಗುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ, ಪುಟ್ಟ ಮಕ್ಕಳಿಗೆ ಅವಸರದಲ್ಲಿ ಹಣೆಪಟ್ಟಿ ಹಚ್ಚಬಾರದು. ಆದರೆ ಎಂಟು ತುಂಬುವ ಹೊತ್ತಿಗೆ ಮಗು ನಲಿ-ಕಲಿಯ ಕೊನೆಯ ವರ್ಷಕ್ಕೆ ಬಂದಿರುತ್ತದೆ. ಸರ್ಟಿಫಿಕೇಟಿಗೆ ಓಡಾಡುವಷ್ಟರಲ್ಲಿ ಹಳೇ ಆಸರೆ ಹೋಗಿರುತ್ತದೆ, ಹೊಸದು ಬಂದಿರುವುದಿಲ್ಲ. ತಪಾಸಣಾ ಶಿಬಿರ, ಜಿಲ್ಲಾ ಆಸ್ಪತ್ರೆ, ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಅಂತ ಅಲೆದಾಟ. ಕೂಲಿ ಬಿಟ್ಟು ಎಷ್ಟು ಸಲ ಹೋಗುತ್ತಾರೆ ಹೇಳಿ?

ಕೊನೆಗೆ ಎಸ್ಸೆಸ್ಸೆಲ್ಸಿಗೆ ಬಂದಾಗ ಇಂಥ ಮಕ್ಕಳಿಗೆ ಹೆಚ್ಚು ಸಮಯ ಕೊಡುತ್ತೀರಿ, ಬರೆಯಲು ಇನ್ನೊಬ್ಬರನ್ನು ಕೊಡುತ್ತೀರಿ. ಒಳ್ಳೆಯದು. ಆದರೆ ಐದನೇ ಕ್ಲಾಸಿನಲ್ಲೇ ಶಾಲೆ ಎಂದರೆ ಬೇಸರ ಪಟ್ಟುಕೊಂಡ ಮಗು ಅಲ್ಲಿಯವರೆಗೆ ಬರುವುದು ಹೇಗೆ?

ತಾಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಇದ್ದಾರಲ್ಲ ಅನ್ನಬಹುದು. ಇದ್ದಾರೆ. ನಾನು ಕಂಡವರಲ್ಲಿ ಕೆಲವರು ತುಂಬಾ ಒಳ್ಳೆಯ ಕೆಲಸಗಾರರು. ಆದರೆ ಬೆರಳೆಣಿಕೆಯ ಜನ ನೂರಾರು ಶಾಲೆ ಸುತ್ತಬೇಕು. ಶಿಬಿರ ನಡೆಸಬೇಕು, ಮನೆಯಲ್ಲೇ ಇರುವ ಮಕ್ಕಳನ್ನು ನೋಡಿ ಬರಬೇಕು, ಆನ್‌ಲೈನಿನಲ್ಲಿ ಮಾಹಿತಿ ತುಂಬಬೇಕು. ನಮ್ಮ ಶಾಲೆಗೆ ಬಂದರೆ ಹೆಸರು ಬರೆದುಕೊಂಡು ಹೋಗುವುದಕ್ಕಷ್ಟೇ ಪುರುಸೊತ್ತು. ಓದು ಹತ್ತದ ಮಗುವಿಗೆ ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂರುವವರು ಬೇಕು, ತಿಂಗಳಿಗೊಮ್ಮೆ ಬರುವವರು ಸಾಲದು.

ಸುಪ್ರೀಂ ಕೋರ್ಟು 2021ರಲ್ಲೇ ಈ ಬಗ್ಗೆ ಹೇಳಿದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚಿನಲ್ಲಿ ಮತ್ತೆ ರಾಜ್ಯಗಳಿಗೆ ಹುದ್ದೆಗಳ ಸಂಖ್ಯೆ ಅಧಿಸೂಚಿಸಿ ಎಂದು ಹೇಳಿತು. ಈ ಲೆಕ್ಕದಲ್ಲಿ ಒಂದು ತೊಡಕಿದೆ. ಹುದ್ದೆ ನಿಲ್ಲುವುದು ಗುರುತಿಸಿದ ಮಕ್ಕಳ ಸಂಖ್ಯೆಯ ಮೇಲೆ. ಗುರುತಿಸುವವರೇ ಇಲ್ಲದ ಕಡೆ ಮಕ್ಕಳೂ ಇಲ್ಲ, ಹುದ್ದೆಯೂ ಇಲ್ಲ! ಅದಕ್ಕೇ ಮೊದಲು ಪ್ರತಿ ಕ್ಲಸ್ಟರಿಗೆ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು) ಒಬ್ಬ ವಿಶೇಷ ಶಿಕ್ಷಕರನ್ನು ಕೊಡಿ. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಅಥವಾ ಡಿಪ್ಲೊಮಾ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರನ್ನೇ ತೆಗೆದುಕೊಳ್ಳಿ. ಖಾಯಂ ಹುದ್ದೆ ಕೊಡಿ. ವರ್ಷ ವರ್ಷ ಗುತ್ತಿಗೆಯ ಮೇಲೆ ಬಂದು ಹೋಗುವವರಿಂದ ಆಗುವ ಕೆಲಸವಲ್ಲ ಇದು. ಆಟಿಸಂ ಇರುವ ಮಗು ಒಬ್ಬರಿಗೆ ಹೊಂದಿಕೊಳ್ಳುವುದೇ ಕಷ್ಟ, ಅವರೂ ಬದಲಾದರೆ ಮತ್ತೆ ಮೊದಲಿನಿಂದ ಶುರು. ಮತ್ತೆ ದಯವಿಟ್ಟು ಇವರನ್ನು ಚುನಾವಣೆ, ಗಣತಿ ಅಂತ ಎಳೆಯಬೇಡಿ.

ಹುದ್ದೆ ತುಂಬುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಓದು ಬರಹದಲ್ಲಿ ಹಿಂದುಳಿದ ಮಕ್ಕಳಿಗೆ ನಾಲ್ಕು, ಐದನೇ ಕ್ಲಾಸಿನಲ್ಲೂ ನಲಿ-ಕಲಿ ಕಾರ್ಡು ಮುಂದುವರಿಸಲು ಒಂದು ಸುತ್ತೋಲೆ ಸಾಕು. ಬರೆಯಲಾಗದ ಮಗುವಿನ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ ಎಂದು ಅದರಲ್ಲೇ ಸೇರಿಸಿ. ಎರಡಕ್ಕೂ ದುಡ್ಡು ಬೇಡ.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಅದು ಮಗು ಮತ್ತು ಪೋಷಕರಿಗೆ ಕೊಟ್ಟ ಆಯ್ಕೆ. ನಾನು ಕಂಡ ಕಡೆಗಳಲ್ಲಿ ಅದು ಶಾಲೆಯ ಆಯ್ಕೆಯಾಗಿದೆ. "ಮನೆಯಲ್ಲೇ ಇಟ್ಕೊಳ್ಳಿ ತಾಯಿ, ನಾವೇ ಬಂದು ಹೇಳ್ಕೊಡ್ತೀವಿ" ಅನ್ನುತ್ತಾರೆ. ದಾಖಲಾತಿಯಲ್ಲಿ ಹೆಸರಿರುತ್ತದೆ, ಬರುವವರು ಯಾವಾಗಲೋ ಬರುತ್ತಾರೆ. ಗೆಳೆಯರಿಲ್ಲ, ಬಿಸಿಯೂಟದ ಸಾಲಿಲ್ಲ, ಪ್ರಾರ್ಥನೆ ಇಲ್ಲ. ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿರುವ ಪ್ರತಿ ಮಗುವಿನ ಮನೆಗೂ ಈ ವರ್ಷ ಹೊರಗಿನವರನ್ನು ಕಳಿಸಿ, ಶಾಲೆಗೆ ಕಳಿಸಲು ಇಷ್ಟವಿದೆಯಾ ಎಂದು ತಾಯಿಯನ್ನೇ ಕೇಳಿಸಿ. ವಾರದಲ್ಲಿ ಎರಡು ದಿನವಾದರೂ ಕರೆತರಲು ಆಟೋ ಬೇಕಾದರೆ ಆ ದುಡ್ಡು ಕೊಡಿ.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ, ಇವೆಲ್ಲ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿವೆ. ನಮ್ಮಲ್ಲಿ ಇವು ಪೋಷಕರ ಖಾತೆಗೆ ಬೀಳುತ್ತಿದ್ದದ್ದು ವರ್ಷದ ಕೊನೆಗೆ. ಮಗುವನ್ನು ಹೊತ್ತು ತರುವ ಅಜ್ಜಿಗೆ ಆಟೋ ಬೇಕಾಗುವುದು ಜೂನ್ ಮಳೆಯಲ್ಲಿ. ಮಾರ್ಚಿನಲ್ಲಿ ಕೊಟ್ಟರೆ ಆಟೋದವನ ಸಾಲವನ್ನು ಅಷ್ಟು ದಿನ ಯಾರು ಹೊರಬೇಕು?

ನಿಮ್ಮಿಂದ ನನಗೆ ಬೇಕಾದ ಉತ್ತರ ಚಿಕ್ಕದು. ತಾಲೂಕುವಾರು ಎಷ್ಟು ವಿಶೇಷ ಶಿಕ್ಷಕರ ಹುದ್ದೆ ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ, ಉಳಿದದ್ದು ಯಾವ ತಿಂಗಳಿಗೆ? ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಹಾಕಿಸಿ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ತಾಯಂದಿರಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ