ಕ್ಯಾಸಿನೊ ತೆರಿಗೆ ಗೋವಾಕ್ಕೆ, ಸಾಲ ನಮ್ಮೂರಿಗೆ

ಮಾನ್ಯ ಸಂಪಾದಕರೇ,

ಕ್ಯಾಸಿನೊ, ಕುದುರೆ ರೇಸ್, ಲಾಟರಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 40 ಆಗಿದೆ. ಒಳ್ಳೆಯದೇ ಆಯಿತು. ಜೂಜಿಗೆ ತೆರಿಗೆ ಜಾಸ್ತಿ ಬೀಳಲಿ. ಆದರೆ ಆ ದುಡ್ಡು ಯಾರ ಖಜಾನೆಗೆ ಹೋಗುತ್ತಿದೆ ಅನ್ನುವುದನ್ನೂ ನಾವು ಕೇಳಬೇಕು ಅಲ್ವಾ?

ಶೇ 40ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಯಾವ ರಾಜ್ಯ? ಕ್ಯಾಸಿನೊ ಇರುವ ರಾಜ್ಯ. ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಹಡಗಿನ ಕೌಂಟರಿನಲ್ಲಿ ಹುಬ್ಬಳ್ಳಿಯವನೊಬ್ಬ 10,000 ರೂಪಾಯಿಯ ಚಿಪ್ಸ್ (ಹಣದ ಬದಲು ಆಟಕ್ಕೆ ಇಡುವ ಬಿಲ್ಲೆಗಳು) ಕೊಂಡರೆ ಅದರ ಮೇಲೆ 4,000 ತೆರಿಗೆ. 2,000 ದೆಹಲಿಗೆ, 2,000 ಗೋವಾಕ್ಕೆ. ಕರ್ನಾಟಕಕ್ಕೆ ಆ ಲೆಕ್ಕದಲ್ಲಿ ನೇರವಾಗಿ ಒಂದು ಪೈಸೆಯೂ ಇಲ್ಲ. ಇನ್ನೊಂದು ವಿಷಯ, ತೆರಿಗೆ ಬೀಳುವುದು ಚಿಪ್ಸ್ ಕೊಳ್ಳುವಾಗ ಮಾತ್ರ. ಗೆದ್ದದ್ದನ್ನೇ ಮತ್ತೆ ಆಡಿದರೆ ಮತ್ತೆ ತೆರಿಗೆ ಇಲ್ಲ, 2023ರ ಅಕ್ಟೋಬರ್‌ನಿಂದ ಇದೇ ನಿಯಮ. ಕೌಂಟರಿನಲ್ಲಿ ಒಮ್ಮೆ ಬಿಸಿ ತಟ್ಟುತ್ತದೆ ಅಷ್ಟೇ, ಆಮೇಲೆ ಬೆಳಗಿನವರೆಗೆ ಕೂತವನನ್ನು ಎಬ್ಬಿಸುವ ಶಕ್ತಿ ಆ ತೆರಿಗೆಗೆ ಇಲ್ಲ.

ಗೋವಾ 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷಿನ್ ಇಡಲು ಕಾನೂನು ತಿದ್ದಿತು, 1996ರಲ್ಲಿ ಹಡಗಿನ ಮೇಲಿನ ಆಟಕ್ಕೂ ದಾರಿ ಮಾಡಿಕೊಟ್ಟಿತು. ಮುಂದೆ 2020ರ ಫೆಬ್ರುವರಿಯಿಂದ ಗೋವಾದವರೇ ಕ್ಯಾಸಿನೊದಲ್ಲಿ ಆಡುವಂತಿಲ್ಲ ಎಂದು ನಿಷೇಧ ಹಾಕಿತು. ಇದನ್ನು ನಾನು ತಪ್ಪು ಅನ್ನುವುದಿಲ್ಲ, ತಮ್ಮ ಮನೆಗಳನ್ನು ಅವರು ಉಳಿಸಿಕೊಂಡರು. ಹಾಗಾದರೆ ಅಲ್ಲಿ ಸೋಲುವವರು ಯಾರು? ಹೊರಗಿನಿಂದ ಹೋದವರು. ಹುಬ್ಬಳ್ಳಿ, ಬೆಳಗಾವಿಯಿಂದ ಪಣಜಿ ಎಷ್ಟು ದೂರ ಹೇಳಿ, ಸಂಜೆ ಬಸ್ಸು ಹತ್ತಿದರೆ ರಾತ್ರಿ ಅಲ್ಲಿರುತ್ತಾರೆ. ಊಟ, ಕುಡಿತ, ಒಂದಿಷ್ಟು ಚಿಪ್ಸ್ ಸೇರಿಸಿ ಇಷ್ಟು ಅಂತ ಪ್ಯಾಕೇಜ್ ಮೆಸೇಜು ಮೊಬೈಲಿಗೇ ಬರುತ್ತದೆ.

ನಮ್ಮ ಓಣಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದವರೊಬ್ಬರು ಹೀಗೆಯೇ ಹೋಗಿ ಬರುತ್ತಿದ್ದರು. ಮೊದಲು ಮಷಿನ್ ಹೋಯಿತು, ಆಮೇಲೆ ಅಂಗಡಿ. ಅವರ ಹೆಂಡತಿ ಸೊಸೈಟಿಯಲ್ಲಿ ಒತ್ತೆ ಇಟ್ಟ ಬಳೆಗಳಿಗೆ ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ, ರೊಟ್ಟಿ ಮಾಡಿ ಖಾನಾವಳಿಗೆ ಕೊಟ್ಟು ಬಂದ ದುಡ್ಡಿನಲ್ಲಿ. ಅವರಿಗೆ ಬೇಕಾಗಿರುವುದು ಸಾಲದ ದಾರಿ ಹೇಳುವವರು, ಗಂಡನಿಗೆ ಬೇಕಾಗಿರುವುದು ಚಿಕಿತ್ಸೆ. ಜೂಜಿನ ಚಟ ಕಾಯಿಲೆ ಎಂದು ವೈದ್ಯರೇ ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗ ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಆದರೆ ನಮ್ಮ ಕಡೆಯ ಬಡವರಿಗೆ ಪ್ರತಿ ತಿಂಗಳು ಬೆಂಗಳೂರಿಗೆ ಓಡಾಡಲು ಆಗುತ್ತದೆಯೇ?

ಅದಕ್ಕೇ ಈ ಪತ್ರ. ಕ್ಯಾಸಿನೊ ತೆರಿಗೆಯಲ್ಲಿ ಒಂದು ಪಾಲು ಆಟಗಾರ ಯಾವ ರಾಜ್ಯದಿಂದ ಬಂದನೋ ಆ ರಾಜ್ಯಕ್ಕೆ ಬರಲಿ. ಇದು ಆಗದ ಲೆಕ್ಕ ಏನಲ್ಲ. 21 ವರ್ಷ ಆಗಿದೆಯೇ, ಗೋವಾದವರೇ ಎಂದು ನೋಡಲು ಬಾಗಿಲಲ್ಲೇ ಗುರುತಿನ ಚೀಟಿ ಕೇಳುತ್ತಾರೆ. ಅದರಲ್ಲಿರುವ ಊರು ಬರೆದುಕೊಂಡರೆ ಸಾಕು. ಬಂದ ಹಣ ಸುಮ್ನೆ ಬೊಕ್ಕಸಕ್ಕೆ ಸೇರಬಾರದು, ಜಿಲ್ಲಾಸ್ಪತ್ರೆಗಳಲ್ಲಿ ಜೂಜಿನ ಚಟದ ಚಿಕಿತ್ಸೆಗೇ ಮೀಸಲಾಗಬೇಕು.

ಹಾಗೆಯೇ ಬೆಂಗಳೂರು, ಮೈಸೂರಿನ ರೇಸ್‌ಗಳ ತೆರಿಗೆಯಲ್ಲಿ ನಮ್ಮ ಪಾಲು ನಮಗೇ ಬರುತ್ತದಲ್ಲ, ಅದರಿಂದಲೇ ಸರ್ಕಾರ ಈ ಕೆಲಸ ಶುರು ಮಾಡಬಹುದು, ಅದಕ್ಕೆ ದೆಹಲಿಯ ಒಪ್ಪಿಗೆಯೂ ಬೇಕಿಲ್ಲ. ಗೋವಾದ ಪಾಲಿನ ವಿಷಯವನ್ನು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಕೂರುವ ಸಚಿವರು ಮುಂದಿನ ಸಭೆಯಲ್ಲೇ ಎತ್ತಲಿ. ಉತ್ತರ ಕರ್ನಾಟಕದ ಶಾಸಕರು, ಸಂಸದರೂ ಅವರ ಬೆನ್ನಿಗೆ ನಿಲ್ಲಲಿ.

– ನಿಮ್ಮ ಓದುಗ, ಹುಬ್ಬಳ್ಳಿ