ಮಗಳಿಗೊಂದು ಪತ್ರ: ಹಾಜರಿ ಬರೆದ ಸ್ಲೇಟು

ಪ್ರೀತಿಯ ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ನಕ್ಕು ಮಾತು ತಪ್ಪಿಸಿದೆ. ಪಿಎಚ್.ಡಿ. ಸೀಟನ್ನು ಬಿಟ್ಟು, ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿಯೇ ಉಳಿದುಬಿಡಲೇ ಎಂದು ಯೋಚಿಸುತ್ತಿರುವ ನೀನು, 'ಯಕ್ಷಗಾನ ಮೇಳಕ್ಕೆ ಹೋಗದೆ ಉಳಿದದ್ದಕ್ಕೆ ನಿಮಗೆ ಬೇಸರವಾಗಲಿಲ್ಲವೇ ಅಪ್ಪಯ್ಯ?' ಎಂದಾಗ ನಿನ್ನ ಅಮ್ಮ ಅಲ್ಲಿಯೇ ತರಕಾರಿ ಹೆಚ್ಚುತ್ತಿದ್ದಳು. ಉತ್ತರ ಅವಳಿಗೂ ಗೊತ್ತಿರುವುದರಿಂದ ಬರೆದು ಹೇಳುವುದೇ ವಾಸಿ ಎನಿಸಿತು.

ಆ ಕಾಲದಲ್ಲಿ ಯಕ್ಷಗಾನದ ಬಡಗುತಿಟ್ಟು ಶೈಲಿಯ ಹಾಡುಗಾರಿಕೆ ಕಲಿಯುತ್ತಿದ್ದ ಹುಡುಗರಿಗೆಲ್ಲ, ಹಾಡುವ ಭಾಗವತರಾದ ಕಾಳಿಂಗ ನಾವಡರ ಹುಚ್ಚು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರದು ಇನ್ನೂ ಮೂವತ್ತರ ಆಚೀಚೆಯ ಪ್ರಾಯ. ಅಷ್ಟರೊಳಗೇ ಅವರ ಏರುಶ್ರುತಿಯ ಪದ್ಯಕ್ಕೆ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಮಲಗಿದವರೂ ಎದ್ದು ಕೂರುತ್ತಿದ್ದರು. ನಾನೂ ಹಾಗೆ ಹಾಡಬೇಕೆಂಬ ಹಂಬಲದಿಂದ, ಶಿಕ್ಷಕ ತರಬೇತಿ ಟಿ.ಸಿ.ಎಚ್. ಮುಗಿಸಿ ಘಟ್ಟದ ಬುಡದ ಏಕೋಪಾಧ್ಯಾಯ ಶಾಲೆಗೆ ಸೇರಿದ ಮೇಲೂ, ಪ್ರತಿ ಶನಿವಾರ ಬಸ್ಸು ಹಿಡಿದು ಗುರುಗಳ ಮನೆಗೆ ಹೋಗುತ್ತಿದ್ದೆ. 1986ರ ದೀಪಾವಳಿಗೆ ಮುಂಚೆ ಒಂದು ಬಯಲಾಟದ ಮೇಳದ ಯಜಮಾನರು ಸಂಗೀತಗಾರನಾಗಿ ಬರುವಂತೆ ಹೇಳಿಕಳುಹಿಸಿದರು. ಮುಖ್ಯ ಭಾಗವತರು ಕೂರುವ ಮೊದಲು, ಆರಂಭದ ವೇಷಗಳಾದ ಬಾಲಗೋಪಾಲರನ್ನೂ ಪೀಠಿಕೆ ಸ್ತ್ರೀವೇಷವನ್ನೂ ಹಾಡಿ ಕುಣಿಸುವವನೇ ಸಂಗೀತಗಾರ. ಭಾಗವತಿಕೆಗೆ ಅದೇ ಮೊದಲ ಮೆಟ್ಟಿಲು. ಆದರೆ ಮೇಳದ ತಿರುಗಾಟ ನವೆಂಬರಿನಿಂದ ಮೇ ತಿಂಗಳವರೆಗೆ, ರಾತ್ರಿಯಿಡೀ. ಶಾಲೆಯಲ್ಲಿ ನಾಲ್ಕು ತರಗತಿ, ಮೂವತ್ತೊಂದು ಮಕ್ಕಳು, ನಾನೊಬ್ಬನೇ ಮಾಸ್ತರ.

ಯಜಮಾನರನ್ನು ಕಾಣಲು ಹೋದ ದಿನ ಶಾಲೆಗೆ ಬೀಗ ಹಾಕಿದ್ದೆ. ಮಕ್ಕಳಿಗೆ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ದಿನಾ ಕಾಲುಸಂಕ ದಾಟಿ ಬರುತ್ತಿದ್ದವಳು, ತನ್ನ ಸ್ಲೇಟನ್ನು ನನ್ನ ಮೇಜಿನ ಮೇಲೆ ಇಟ್ಟಳು. ಹಿಂದಿನ ದಿನ ಜಗಲಿಯಲ್ಲಿ ಕೂತು ಅವಳೇ ಹಾಜರಿ ಹಾಕಿದ್ದಳು. ಎರಡೂ ಬದಿಯಲ್ಲಿ ಒತ್ತೊತ್ತಾಗಿ ಹೆಸರುಗಳು. ಜಾಗ ಸಾಲದೆ ಕೊನೆಯ ಮೂರು ಮರದ ಕಟ್ಟಿನ ಮೇಲೆ. ಒರೆಸಿಹೋದೀತೆಂದು ಅದನ್ನು ಎದೆಗೆ ತಾಗಿಸದೆ, ದೂರ ಹಿಡಿದುಕೊಂಡೇ ತಂದಿದ್ದಳು. ಮಧ್ಯಾಹ್ನದವರೆಗೆ ಕಾದೆವು ಎಂದಳು. ದೂರಿನ ದನಿಯೇ ಇರಲಿಲ್ಲ. ಆ ಸಂಜೆಯೇ ನಾನು ಯಜಮಾನರಿಗೆ ಬರಲಾಗದೆಂದು ಕಾರ್ಡು ಬರೆದೆ.

ಊರಿನವರು ಇದನ್ನು ತ್ಯಾಗ ಎನ್ನುತ್ತಾರೆ. ತಿಂಗಳು ತಿಂಗಳು ಸಂಬಳ ಎಣಿಸಿಕೊಂಡವನಿಗೆ ಅದು ತುಸು ದೊಡ್ಡ ಮಾತು. ಮೇಲಾಗಿ, ಒಂದು ಸಲ ಬಿಟ್ಟರೆ ಮುಗಿಯಿತು ಎಂದು ನಾನು ತಿಳಿದದ್ದು ಸುಳ್ಳಾಯಿತು. ಪ್ರತಿ ವರ್ಷ ಮೇಳ ಹೊರಡುವ ದಿನ ಅದನ್ನು ಹೊಸದಾಗಿ ಬಿಡಬೇಕಾಗುತ್ತಿತ್ತು. ಎರಡು ವರ್ಷ ನಾನು ಯಾವ ಆಟಕ್ಕೂ ಹೋಗಲಿಲ್ಲ. ದೂರದ ಗದ್ದೆಯಿಂದ ಚೆಂಡೆಯ ಸದ್ದು ಕೇಳಿದ ರಾತ್ರಿಗಳ ಮರುದಿನ ನಿನ್ನ ಅಮ್ಮನ ಸಾರಿಗೆ ಉಪ್ಪು ಹೆಚ್ಚಾಗಿಯೋ ಕಡಿಮೆಯಾಗಿಯೋ ಇರುತ್ತಿತ್ತು, ಕನಿಷ್ಠ ನನ್ನ ಬಾಯಿಯಲ್ಲಿ. ನಾನು ಬಿಟ್ಟದ್ದರ ಸಾಲವನ್ನು ಅವಳಿಂದ ವಸೂಲು ಮಾಡಿದೆ. ನಿನ್ನ ಪ್ರಶ್ನೆಗೆ ನಾನು ಬಾಯಿಬಿಟ್ಟು ಹೇಳದ ಉತ್ತರ ಇದು.

ಸುಖವೂ ಇತ್ತು, ಇಲ್ಲವೆನ್ನಲಾರೆ. ಏಳರ ಮಗ್ಗಿಯನ್ನು ಏಳು ಅಕ್ಷರದ ತ್ರಿವುಡೆ ತಾಳದಲ್ಲಿ ಹೇಳಿಸಿದಾಗ ಮಕ್ಕಳು ಬೆಂಚು ಬಡಿದು ಕುಣಿಯುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮೊದಲು ಗದರಿ, ಆಮೇಲೆ ತಾವೂ ತೊಡೆಯ ಮೇಲೆ ತಾಳ ಹಾಕಿದರು.

ನಿನ್ನ ವಿಷಯಕ್ಕೆ ಬರುತ್ತೇನೆ. ಆ ಮಕ್ಕಳ ಕೈಭಾಷೆ ಕಲಿಯಲು ನಿನಗೆ ಎರಡು ವರ್ಷ ಹಿಡಿಯಿತು, ನಿನ್ನ ಜಾಗಕ್ಕೆ ಇನ್ನೊಬ್ಬರು ಸುಲಭವಾಗಿ ಸಿಗಲಾರರು ಎಂಬುದು ನನಗೆ ಅರ್ಥವಾಗುತ್ತದೆ. ಉಳಿಯುವುದಾದರೆ ಉಳಿ, ಅಪ್ಪನೂ ಹಾಗೆ ಮಾಡಿದ್ದನೆಂಬ ಕಾರಣಕ್ಕೆ ಮಾತ್ರ ಬೇಡ. ಅದಕ್ಕೂ ಮೊದಲು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಸೇರುವುದನ್ನು ಒಂದು ವರ್ಷ ಮುಂದೂಡಲು ಅವಕಾಶವಿದೆಯೇ ಎಂದು ಕೇಳು. ಒಂದು ತಿರುಗಾಟ ಕಾಯುವಿರಾ, ಅಷ್ಟರಲ್ಲಿ ಶಾಲೆಗೆ ಇನ್ನೊಬ್ಬರು ಬಂದಾರು ಎಂದು ನಾನು ಯಜಮಾನರನ್ನು ಕೇಳಲೇ ಇಲ್ಲ. ಕಾರ್ಡಿನಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿತ್ತು.

ಏನು ಉತ್ತರ ಬಂತೆಂದು ತಿಳಿಸು. ಅಮ್ಮ ಹಲಸಿನ ಹಪ್ಪಳ ಕಳುಹಿಸಿದ್ದಾಳೆ.

ಇತಿ ನಿನ್ನ,
ಅಪ್ಪಯ್ಯ