ಮಗಳಿಗೊಂದು ಪತ್ರ: ಫ್ಲಾರೆನ್ಸ್‌ಗೆ ಹೊರಟವಳಿಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಬಟ್ಟೆ, ಉಡುಗೆಗಳ ವಿದ್ಯೆ ಕಲಿಯಲು ಇಟಲಿಯ ಫ್ಲಾರೆನ್ಸ್‌ಗೆ ಹೊರಟಿದ್ದೀಯ, ಹೇಳಬೇಕಾದ್ದು ಬಹಳ ಇದೆ. ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಾ ಕೂತರೆ ಅರ್ಧ ನಿನ್ನ ಕಿವಿಗೆ ಬೀಳುತ್ತದೆ, ಇನ್ನರ್ಧ ಗಡಿಬಿಡಿಯಲ್ಲಿ ಹಾರಿಹೋಗುತ್ತದೆ. ಅದಕ್ಕೇ ಬರೆದಿದ್ದೇನೆ. ಪಾಸ್‌ಪೋರ್ಟ್ ಇಡುವ ಕವರಿನಲ್ಲೇ ಇದನ್ನೂ ಇಟ್ಟುಕೊ.

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡೋಣ. ನೀನು ಅಲ್ಲಿರುವುದು 90 ದಿನಕ್ಕಿಂತ ಹೆಚ್ಚಾದ್ದರಿಂದ ನಿನಗೆ ಕೊಟ್ಟಿರುವುದು ಡಿ ವೀಸಾ. ಅದು ಒಳಗೆ ಹೋಗುವುದಕ್ಕೆ ಮಾತ್ರ. ಅಲ್ಲಿ ವಾಸ ಇರುವುದಕ್ಕೆ ‘ಪೆರ್ಮೆಸ್ಸೊ ದಿ ಸೊಜೋರ್ನೊ’ ಅನ್ನುವ ಪರವಾನಗಿ ಬೇರೆ ಬೇಕು, ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ಅರ್ಜಿಯ ಕಿಟ್ ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಎಲ್ಲ ಕಚೇರಿಗಳಲ್ಲೂ ಅಲ್ಲ. ‘ಸ್ಪೋರ್ತೆಲ್ಲೊ ಅಮೀಕೊ’ ಎಂಬ ಕೌಂಟರ್ ಇರುವ ಕಡೆಗೆ ಹೋಗು. ಕಪ್ಪು ಪೆನ್ನಿನಲ್ಲಿ, ದೊಡ್ಡಕ್ಷರದಲ್ಲಿ ತುಂಬು. 16 ಯೂರೋದ ‘ಮಾರ್ಕಾ ದಾ ಬೊಲ್ಲೊ’, ಅಂದರೆ ನಮ್ಮ ಸ್ಟಾಂಪಿನ ಹಾಗೆ, ‘ಟಿ’ ಅಂತ ಬೋರ್ಡ್ ಇರುವ ತಂಬಾಕಿನ ಅಂಗಡಿಯಲ್ಲಿ ಸಿಗುತ್ತದೆ. ಲಕೋಟೆಯನ್ನು ಅಂಟಿಸಬೇಡ. ಕೌಂಟರ್‌ನವರು ಒಳಗಿನದನ್ನೆಲ್ಲ ನೋಡಿ, ಪಾಸ್‌ಪೋರ್ಟ್‌ನೊಡನೆ ತಾಳೆ ಹಾಕಿ, ಆಮೇಲೆ ತೆಗೆದುಕೊಳ್ಳುತ್ತಾರೆ. ಅವರು ಕೊಡುವ ರಸೀದಿಯೇ ಕಾರ್ಡ್ ಬರುವ ತನಕ ನಿನ್ನ ಆಧಾರ. ಅದರ ಜೊತೆಯಲ್ಲೇ ಬೆರಳಚ್ಚು ಕೊಡಲು ಪೊಲೀಸ್ ಕಚೇರಿಗೆ ಹೋಗಬೇಕಾದ ದಿನದ ಚೀಟಿಯೂ ಇರುತ್ತದೆ. ಆ ದಿನ ಯಾವ ಪ್ರವಾಸವನ್ನೂ ಇಟ್ಟುಕೊಳ್ಳಬೇಡ.

ಒಂದು ಎಚ್ಚರ. ಬರೀ ರಸೀದಿ ಹಿಡಿದುಕೊಂಡು ಷೆಂಗೆನ್‌ನ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಬೇರೆ ದೇಶಕ್ಕೆ ಹೋಗುವಂತಿಲ್ಲ. ವೀಸಾ ಚಾಲ್ತಿಯಲ್ಲಿದ್ದರೆ ಸರಿ. ಅದು ಮುಗಿದು ಕಾರ್ಡ್ ಇನ್ನೂ ಬಂದಿಲ್ಲ ಅಂದರೆ ಪ್ಯಾರಿಸ್‌ನ ಆಸೆ ಬಿಡಬೇಕು. ಹಾಗಾಗಿ ಗಡಿ ದಾಟುವ ಪ್ರಯಾಣ ಏನಿದ್ದರೂ ವೀಸಾದ ಕೊನೇ ದಿನಾಂಕ ನೋಡಿಯೇ ಬುಕ್ ಮಾಡು.

ಇನ್ನೊಂದು ತೊಡಕು ನಮ್ಮ ಕಡೆಯವರಿಗೇ ಹೆಚ್ಚು. ನಿನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಲ್ಲಿನ ತೆರಿಗೆ ಸಂಖ್ಯೆ ‘ಕೋದಿಚೆ ಫಿಸ್ಕಾಲೆ’ 16 ಅಕ್ಷರ-ಅಂಕಿಗಳದ್ದು. ಅದನ್ನು ಕಟ್ಟುವುದೇ ಸರ್‌ನೇಮ್, ಹೆಸರು, ಹುಟ್ಟಿದ ದಿನ, ಹುಟ್ಟಿದ ಜಾಗ ಇವುಗಳಿಂದ. ಒಂದು ಕಚೇರಿಯವರು ಖಾಲಿ ಬಿಟ್ಟು, ಇನ್ನೊಂದು ಕಡೆಯವರು ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿದರೆ ಒಬ್ಬಳಿಗೇ ಎರಡು ಸಂಖ್ಯೆ ಹುಟ್ಟುತ್ತವೆ. ಆಮೇಲೆ ಬಾಡಿಗೆ ಕರಾರು, ಸಿಮ್, ಬ್ಯಾಂಕು ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ಸಲ ಯಾವ ಹೆಸರು ಯಾವ ಕಾಲಂನಲ್ಲಿ ಬಂತು ಅಂತ ಫೋಟೊ ತೆಗೆದಿಟ್ಟುಕೊಂಡು, ಮುಂದೆ ಎಲ್ಲ ಕಡೆ ಅದನ್ನೇ ತೋರಿಸು.

ಮನೆಯ ವಿಷಯ. ಅಲ್ಲಿನ ಸಾಮಾನ್ಯ ಮನೆಯ ವಿದ್ಯುತ್ ಕರಾರು 3 ಕಿಲೋವಾಟ್. ವಾಷಿಂಗ್ ಮೆಷಿನ್ ತಿರುಗುತ್ತಿರುವಾಗ ಓವನ್ ಹಾಕಿ, ಮೇಲೆ ಹೇರ್ ಡ್ರೈಯರ್ ಕೂಡ ಹಚ್ಚಿದರೆ ಇಡೀ ಮನೆ ಕತ್ತಲು. ಮೀಟರ್ ಎಲ್ಲಿದೆ, ಎಷ್ಟೋ ಸಲ ಅದು ಕೆಳಗಿನ ಮೆಟ್ಟಿಲ ಬಳಿ ಇರುತ್ತದೆ, ಮೊದಲ ದಿನವೇ ನೋಡಿಟ್ಟುಕೊ. ನಮ್ಮ ದುಂಡನೆಯ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ. ಅಲ್ಲಿಯದು ಒಂದೇ ಸಾಲಿನಲ್ಲಿ ಮೂರು ತೂತು. ಫೋನ್ ಚಾರ್ಜರಿನ ತೆಳು ಎರಡು ಪಿನ್ ಹೋಗುತ್ತದೆ, ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು. ಇನ್ನು ಚಳಿ: ಫ್ಲಾರೆನ್ಸ್ ಇರುವ ಹವಾಮಾನ ವಲಯದಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆಯನ್ನು ಸಾಮಾನ್ಯವಾಗಿ ನವೆಂಬರ್ 1ಕ್ಕೆ ಮೊದಲು ಹಚ್ಚುವಂತಿಲ್ಲ, ಹಚ್ಚಿದ ಮೇಲೂ ದಿನಕ್ಕೆ 12 ಗಂಟೆ ಮಿತಿ. ಅಕ್ಟೋಬರ್ ಕೊನೆಯಲ್ಲಿ ಕಲ್ಲಿನ ಮನೆ ಒಳಗೇ ಜಾಸ್ತಿ ತಣ್ಣಗಿರುತ್ತದೆ. ಕೋಟು ಅಲ್ಲೇ ಕೊಂಡುಕೊ, ಆದರೆ ಉಣ್ಣೆಯ ಒಳ ಅಂಗಿ ಎರಡು ಇಲ್ಲಿಂದಲೇ ಒಯ್ಯಿ.

ಈಗ ನೀನು ಹೋಗುತ್ತಿರುವ ಕೆಲಸಕ್ಕೆ ಬರೋಣ. ನಿನ್ನ ಗೆಳತಿಯರು ಹದಿನಾಲ್ಕು ವಾರಾಂತ್ಯಕ್ಕೆ ಹದಿನಾಲ್ಕು ಊರಿನ ಪಟ್ಟಿ ಮಾಡಿದ್ದಾರೆ ಅಂದೆಯಲ್ಲ. ನೀನು ನಾಲ್ಕೇ ಊರು ನೋಡು ಅನ್ನುವುದು ನನ್ನ ಆಸೆ, ಪುಟ್ಟಿ. ಬಟ್ಟೆ ಓದುವ ಕಣ್ಣು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಬರುತ್ತದೆ.

ಮೊದಲ ಊರು ಫ್ಲಾರೆನ್ಸೇ. ಅಲ್ಲಿಯ ಉಫಿಜಿ ಚಿತ್ರಶಾಲೆಯಿಂದ ಶುರು ಮಾಡು. ಸೋಮವಾರ ಮುಚ್ಚಿರುತ್ತದೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಆ ದಿನದ ನೂಕುನುಗ್ಗಲಿನಲ್ಲಿ ನಿಂತು ನೋಡಲು ಆಗುವುದಿಲ್ಲ. 18ರಿಂದ 25 ವಯಸ್ಸಿನವರಿಗೆ 2 ಯೂರೋ ಅಂತ ಬೋರ್ಡ್ ಕಂಡು ಆ ಟಿಕೆಟ್ ತೆಗೆದೀಯ, ಅದು ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ. ಉಫಿಜಿ, ಪಿತ್ತಿ ಅರಮನೆ, ಬೊಬೊಲಿ ತೋಟ ಸೇರಿಸಿದ ವಾರ್ಷಿಕ ಪಾಸ್ ಇದೆ. ನಾಲ್ಕೈದು ಸಲ ಹೋಗುವವಳಿಗೆ ಅದೇ ಲಾಭ. ನವೆಂಬರ್‌ನಿಂದ ಜನವೂ ಕಡಿಮೆ.

ಅಲ್ಲಿ ಚಿತ್ರಕಾರ ಬ್ರೊಂಜೀನೊ ಸುಮಾರು 1545ರಲ್ಲಿ ಬರೆದ, ಫ್ಲಾರೆನ್ಸ್‌ನ ದೊರೆಯ ಹೆಂಡತಿ ಎಲಿಯೊನೊರಾ ದಿ ತೊಲೆದೊಳ ಚಿತ್ರವಿದೆ, ಪಕ್ಕದಲ್ಲಿ ಮಗ ಜೊವಾನಿ ನಿಂತಿದ್ದಾನೆ. ಮೊದಲ ಹತ್ತು ನಿಮಿಷ ಪೆನ್ಸಿಲ್ ಹೊರಗೆ ತೆಗೆಯಬೇಡ, ಫೋನಂತೂ ಬೇಡವೇ ಬೇಡ. ಬಿಳಿ ಸ್ಯಾಟಿನ್ ನೆಲ, ಅದರ ಮೇಲೆ ಕಪ್ಪು ಮಖಮಲ್ಲಿನ ಬಳ್ಳಿ, ನಡುವೆ ಚಿನ್ನದೆಳೆ. ಎದೆಯ ನಟ್ಟನಡುವೆ ಒಂದು ದೊಡ್ಡ ದಾಳಿಂಬೆ. ಅದು ಅಲ್ಲೇ ಬಂದು ಕೂತದ್ದು ಆಕಸ್ಮಿಕವಲ್ಲ. ಅಷ್ಟು ದೊಡ್ಡ ವಿನ್ಯಾಸವನ್ನು ಮಧ್ಯಕ್ಕೆ ತರಬೇಕಾದರೆ ಎರಡೂ ಪಕ್ಕದ ಬಟ್ಟೆ ಕತ್ತರಿಸಿ ಬಿಡಬೇಕು. ಹಾಗೆ ಬಿಟ್ಟ ಬಟ್ಟೆಯಲ್ಲೇ ಮನೆತನದ ಸಿರಿ ಗೊತ್ತಾಗುತ್ತದೆ. ಆಮೇಲೆ ಚಿನ್ನವನ್ನು ನೋಡು. ನಮ್ಮ ಮೈಸೂರು ಸಿಲ್ಕಿನ ಸೆರಗಿನಲ್ಲಿ ಜರಿ ಮಟ್ಟಸವಾಗಿ ಮಲಗಿರುತ್ತದೆ. ಇಲ್ಲಿ ಅಡ್ಡಡ್ಡ ಹಾಯುವ ಹೊಕ್ಕಿನ ಚಿನ್ನದೆಳೆಯನ್ನು ಸಣ್ಣ ಸಣ್ಣ ಕುಣಿಕೆಯಾಗಿ ಮೇಲಕ್ಕೆತ್ತಿದ್ದಾರೆ. ನಡೆದಾಗ ಒಂದೊಂದು ಕುಣಿಕೆಯೂ ಬೇರೆ ಬೇರೆ ಕಡೆಯಿಂದ ಬೆಳಕು ಹಿಡಿಯುತ್ತದೆ. ಇಟಲಿಯವರು ಇದಕ್ಕೆ ಇಟ್ಟ ಹೆಸರು ಮಿಂಚುಹುಳದಿಂದ ಬಂದದ್ದು. ಮಖಮಲ್ಲಿನದು ಬೇರೆ ಕತೆ: ಅಲ್ಲಿ ಉದ್ದುದ್ದ ಹೋಗುವ ಹಾಸಿನಲ್ಲೇ ಒಂದು ಹೆಚ್ಚುವರಿ ಎಳೆ ಇರುತ್ತದೆ, ಅದನ್ನು ತೆಳು ಕಡ್ಡಿಯ ಮೇಲೆ ಹಾಯಿಸಿ ನೇಯ್ದು, ಆ ಕುಣಿಕೆ ಕತ್ತರಿಸಿದರೆ ಜುಂಗು ಏಳುತ್ತದೆ. ಕೊನೆಗೆ ತೋಳು: ಸೀಳುಗಳ ನಡುವಿನಿಂದ ಒಳ ಅಂಗಿಯ ಬಿಳಿ ಬಟ್ಟೆ ಉಬ್ಬಿ ಹೊರಬಂದಿರುವುದು ಎಲ್ಲೆಲ್ಲಿ ಅಂತ ಎಣಿಸು. ಇದೆಲ್ಲ ಆದ ಮೇಲೆ ಪೆನ್ಸಿಲ್. ಸಣ್ಣ ಪುಸ್ತಕ, ಪೆನ್ಸಿಲ್ ಇದ್ದರೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಪೆನ್ನು, ಇಂಕು, ಜಲವರ್ಣ ಬ್ಯಾಗಿನಿಂದ ಹೊರಗೇ ಬರಬಾರದು.

ಅದೇ ವಾರ ನದಿ ದಾಟಿ ಪಿತ್ತಿ ಅರಮನೆಯ ವೇಷಭೂಷಣ ಸಂಗ್ರಹಾಲಯಕ್ಕೆ ಹೋಗು. 1562ರಲ್ಲಿ ತೀರಿಕೊಂಡ ಎಲಿಯೊನೊರಾಳನ್ನು ಹೂಳಿದಾಗ ಉಡಿಸಿದ ಬಟ್ಟೆ ಅಲ್ಲಿಯ ಸಂಗ್ರಹದಲ್ಲಿದೆ. ಸಮಾಧಿಯಲ್ಲಿ ಜೀರ್ಣವಾಗಿ ಚಿಂದಿಯಾಗಿದ್ದುದನ್ನು 1983ರಿಂದ ಹತ್ತು ವರ್ಷ ಕೂತು ಉಳಿಸಿದರು. ಚಿತ್ರದ ಉಡುಗೆಯಲ್ಲೇ ಅವಳನ್ನು ಹೂತರು ಎಂದು ಬಹಳ ಕಾಲ ನಂಬಿದ್ದರು, ಆದರೆ ಅದು ಬೇರೆಯೇ ಉಡುಗೆ. ಚಿತ್ರವನ್ನೂ ಈ ಚಿಂದಿಯನ್ನೂ ಒಂದೇ ವಾರದಲ್ಲಿ ನೋಡಿದರೆ, ಬಣ್ಣ ಬಳಿದವನು ಏನು ಕಂಡ, ಹೊಲಿದವನು ಏನು ಮಾಡಿದ ಎಂಬ ಎರಡೂ ನಿನ್ನ ಕೈಗೆ ಸಿಗುತ್ತವೆ. ಹಳೆಯ ರೇಷ್ಮೆಗೆ ಬೆಳಕೇ ವೈರಿ, ಸುಮಾರು 50 ಲಕ್ಸ್‌ಗಿಂತ (ಬೆಳಕಿನ ಅಳತೆ) ಹೆಚ್ಚು ಬಿಡುವುದಿಲ್ಲ, ಆಗಾಗ ಒಳಗೆತ್ತಿ ವಿಶ್ರಾಂತಿಯನ್ನೂ ಕೊಡುತ್ತಾರೆ. ಹಾಗಾಗಿ ಹೊರಗಿಟ್ಟಿದ್ದಾರೆಯೇ ಅಂತ ಮೊದಲೇ ವಿಚಾರಿಸು. ಕೋಣೆ ಮಬ್ಬಾಗಿರುತ್ತದೆ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬಿಡು. ಅದೇ ಅರಮನೆಯ ಸಾಲಾ ಬಿಯಾಂಕಾ ಎಂಬ ಸಭಾಂಗಣದಲ್ಲಿ 1952ರಿಂದ ಇಟಲಿಯ ಫ್ಯಾಷನ್ ಪ್ರದರ್ಶನಗಳು ನಡೆದವು. ಅದಕ್ಕೆ ನಾಂದಿ ಹಾಡಿದ ಜೊವಾನಿ ಬತ್ತಿಸ್ತಾ ಜೊರ್ಜೀನಿ ಮೊದಲನೆಯದನ್ನು 1951ರ ಫೆಬ್ರವರಿಯಲ್ಲಿ ಫ್ಲಾರೆನ್ಸ್‌ನ ತನ್ನ ಮನೆಯಲ್ಲೇ ಮಾಡಿದ್ದ.

ಎರಡನೆಯ ಊರು ಪ್ರಾತೊ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ಪ್ಯಾಸೆಂಜರ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಪೋರ್ತಾ ಅಲ್ ಸೆರ್ರಾಲ್ಯೊದಲ್ಲಿ ಇಳಿದರೆ ಹಳೇ ಪೇಟೆ ಹತ್ತಿರ. ಕಾಂಪೊಲ್ಮಿ ಎಂಬ ಹಳೆಯ ಕಾರ್ಖಾನೆಯಲ್ಲೇ ಜವಳಿ ಸಂಗ್ರಹಾಲಯ ಇದೆ. ಈ ಊರಿನ ಹೆಚ್ಚುಗಾರಿಕೆ ಚಿಂದಿ ಉಣ್ಣೆಯಿಂದ ಹೊಸ ಉಣ್ಣೆ ಮಾಡುವುದು, ನಮ್ಮ ಪಾಣಿಪತ್‌ನ ಹಾಗೆ. ಹಳೆ ಸ್ವೆಟರು, ಕೋಟುಗಳನ್ನು ಬಣ್ಣದ ಪ್ರಕಾರ ಕೈಯಲ್ಲೇ ಬೇರ್ಪಡಿಸುತ್ತಾರೆ. ಬೇರ್ಪಡಿಸುವುದು ಚೆನ್ನಾದರೆ ಮತ್ತೆ ಬಣ್ಣ ಹಾಕುವ ಖರ್ಚೇ ಇಲ್ಲ. ಹೊಲಿಗೆಯ ಹತ್ತಿ ದಾರ ಉಳಿದರೆ ಕೆಲಸ ಕೆಡುತ್ತದೆ, ಉಣ್ಣೆ ಹಿಡಿದ ಬಣ್ಣವನ್ನು ಹತ್ತಿ ಹಿಡಿಯುವುದಿಲ್ಲ, ಬಟ್ಟೆಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಅದಕ್ಕೆ ಆಮ್ಲದ ಹಬೆ ಕೊಟ್ಟು ಹತ್ತಿಯನ್ನು ಪುಡಿಯಾಗಿಸಿ ಉದುರಿಸುತ್ತಾರೆ. ಚಿಂದಿಯನ್ನು ಹರಿಯುವಾಗ ಎಳೆ ತುಂಡಾಗುತ್ತದೆ, ಆದ್ದರಿಂದ ಇಂಥ ಉಣ್ಣೆಯ ಮೇಲೆ ಬೇಗ ಎಳೆಯ ಸಣ್ಣ ಉಂಡೆ ಕಟ್ಟುತ್ತದೆ. ಗಟ್ಟಿ ಬರಲಿ ಅಂತ ನೈಲಾನ್ ಬೆರೆಸುವುದುಂಟು. ಸೆಕೆಂಡ್ ಹ್ಯಾಂಡ್ ಕೋಟು ಕೊಳ್ಳುವಾಗ ಕಂಕುಳ ಕೆಳಗೆ, ಮಣಿಕಟ್ಟಿನ ಬಳಿ ಬೆರಳಾಡಿಸಿ ನೋಡು. ಮಂಗಳವಾರ ಬೆಳಿಗ್ಗೆ ಫ್ಲಾರೆನ್ಸ್‌ನ ಕಾಶೀನೆ ಉದ್ಯಾನದ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಪ್ರಾತೊದಲ್ಲಿ ಫ್ರಾಂಚೆಸ್ಕೊ ದಾತೀನಿಯ ಮನೆಗೂ ಹೋಗು. 1410ರಲ್ಲಿ ತೀರಿಕೊಂಡ ಈ ವರ್ತಕ ಸುಮಾರು ಒಂದೂವರೆ ಲಕ್ಷ ಪತ್ರ ಬಿಟ್ಟುಹೋಗಿದ್ದಾನೆ, ಕೆಲವದರ ಜೊತೆ ಬಟ್ಟೆಯ ಮಾದರಿ ತುಂಡುಗಳೂ ಉಳಿದಿವೆ.

ಮೂರನೆಯದು ರಾವೆನ್ನಾ. ಬೊಲೊನ್ಯಾದಲ್ಲಿ ರೈಲು ಬದಲಿಸಬೇಕು. 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನ ಗೋಡೆಯಲ್ಲಿ ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ರಾಣಿ ಥಿಯೊಡೋರಾ ಸಖಿಯರ ಜೊತೆ ನಿಂತಿದ್ದಾಳೆ, ಹೆಚ್ಚಿನದೆಲ್ಲ ಗಾಜಿನ ಚೂರಿನಲ್ಲಿ. ಒಬ್ಬೊಬ್ಬ ಸಖಿಯ ಬಟ್ಟೆಗೂ ಒಂದೊಂದು ವಿನ್ಯಾಸ, ರಾಣಿಯ ಮೇಲುಡುಗೆಯ ಅಂಚಿನಲ್ಲಿ ಶಿಶು ಯೇಸುವಿಗೆ ಕಾಣಿಕೆ ಹೊತ್ತು ಬರುವ ಮೂವರು ಜ್ಞಾನಿಗಳು. ರೇಷ್ಮೆ ಹುಳುವಿನ ಮೊಟ್ಟೆ ಬೈಜಾಂಟಿಯಂ ತಲುಪಿದ್ದು ಇದಾದ ಕೆಲವು ವರ್ಷಗಳ ಮೇಲೆ. ಅಲ್ಲಿಯ ತನಕ ಪ್ರತಿ ಎಳೆ ರೇಷ್ಮೆಯೂ ಪೂರ್ವದಿಂದ ಕೊಂಡು ತಂದದ್ದು. ಚರ್ಚಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊ. ಒಂದು ಹತ್ತಿ ದುಪಟ್ಟಾ ಬ್ಯಾಗಿನಲ್ಲಿದ್ದರೆ ಸಾಕು.

ನಾಲ್ಕನೆಯದನ್ನು ನೀನೇ ಆರಿಸು. ಕಡಿಮೆ ದರದ ವಿಮಾನವಾದರೆ ನಿಲ್ದಾಣ ಎಲ್ಲಿದೆ ನೋಡು. ಪ್ಯಾರಿಸ್ ಅಂತ ಟಿಕೆಟ್ ಮಾರುವ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ, ಬಸ್ಸಿನ ಖರ್ಚೇ ಟಿಕೆಟ್ಟಿನಷ್ಟಾಗುತ್ತದೆ. ಇಟಲಿಯ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ. ಮುಷ್ಕರದ ಸುದ್ದಿ ಮೊದಲೇ ಗೊತ್ತಾಗುತ್ತದೆ, ಕೆಲಸದ ದಿನ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯ ರೈಲುಗಳು ಓಡುತ್ತವೆ.

ಚರ್ಮದ ಬಗ್ಗೆ. ಬೀದಿಯಲ್ಲಿ ಹಾಸಿಟ್ಟ ನಕಲಿ ಬ್ರಾಂಡಿನ ಬ್ಯಾಗನ್ನು ಮುಟ್ಟಲೂ ಬೇಡ, ಕೊಂಡವರಿಗೂ 7,000 ಯೂರೋ ತನಕ ದಂಡ ಹಾಕುವ ಕಾನೂನಿದೆ. ಕೆಲಸ ನೋಡಬೇಕಾದರೆ ಸಾಂತಾ ಕ್ರೋಚೆ ಚರ್ಚಿನ ಹಿಂದಿರುವ ಸ್ಕೂಲಾ ದೆಲ್ ಕ್ವೊಯೊಗೆ ಹೋಗು, ಎರಡನೇ ಮಹಾಯುದ್ಧದಲ್ಲಿ ಅನಾಥರಾದ ಮಕ್ಕಳಿಗೆ ಕಸುಬು ಕಲಿಸಲು ಹುಟ್ಟಿದ ಶಾಲೆ ಅದು. ತೊಗಟೆಯ ಕಷಾಯದಲ್ಲಿ ಹದ ಮಾಡಿದ ಚರ್ಮ ನೀರಿನ ಹನಿಯನ್ನು ಹೀರಿ ಕಪ್ಪಾಗುತ್ತದೆ, ಕತ್ತರಿಸಿದ ಅಂಚಿನಲ್ಲಿ ನಾರು ಕಾಣುತ್ತದೆ. ಅಥಣಿ, ನಿಪ್ಪಾಣಿಯ ಚಪ್ಪಲಿಯ ಚರ್ಮವನ್ನು ಹದ ಮಾಡುವುದೂ ಅಳಲೆಕಾಯಿ, ಜಾಲಿ ತೊಗಟೆಯಲ್ಲೇ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿದಾಗ ಮೂಲದ ಹೆಸರು ಎಲ್ಲೂ ಇರಲಿಲ್ಲ. ಆಕ್ಷೇಪ ಎದ್ದ ಮೇಲೆ ಭಾರತದ ಕೈಕಸುಬಿನಿಂದ ಬಂದದ್ದು ಎಂದು ಒಪ್ಪಿಕೊಂಡಿತು. ತರಗತಿಯಲ್ಲಿ ಈ ಮಾತು ಬಂದರೆ ಸುಮ್ಮನಿರಬೇಡ. ಕೊಲ್ಹಾಪುರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ) ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ, ಅದನ್ನು ಹೇಳು.

ಸೂಟ್‌ಕೇಸಿನ ಒಳಜೇಬಿನಲ್ಲಿ ಕಸೂತಿಯ ಒಂದು ತುಂಡು ಇಟ್ಟಿದ್ದೇನೆ, ಗವಂತಿ ಹೊಲಿಗೆಯದು. ಗಂಟಿಲ್ಲದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಎರಡೂ ಮಗ್ಗುಲು ಒಂದೇ ಥರ ಕಾಣುವ ಹೊಲಿಗೆ. ಯುರೋಪಿನಲ್ಲಿ ಇದನ್ನೇ ಚಿತ್ರಕಾರ ಹೋಲ್ಬೈನ್‌ನ ಹೆಸರಿನಲ್ಲಿ ಕರೆಯುತ್ತಾರೆ, 16ನೇ ಶತಮಾನದ ಭಾವಚಿತ್ರಗಳಲ್ಲಿ ಕತ್ತುಪಟ್ಟಿ, ಮಣಿಕಟ್ಟಿನ ಮೇಲೆ ಹುಡುಕು.

ಊಟಕ್ಕೆ ಹೆದರಬೇಡ. ಸಸ್ಯಾಹಾರ ಅಂದರೆ ಸಾಲದು, ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರೂ ಬೇಡ ಅಂತ ಬಿಡಿಸಿ ಹೇಳು. ಪಾರ್ಮೆಸಾನ್ ಚೀಸ್ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ಕಿಣ್ವದಿಂದ, ಗೊತ್ತಿರಲಿ. ಫ್ಲಾರೆನ್ಸ್ ಇರುವ ತೊಸ್ಕಾನಾ ಪ್ರಾಂತ್ಯದ ಬ್ರೆಡ್‌ಗೆ ಉಪ್ಪಿಲ್ಲ, ಚಟ್ನಿಪುಡಿಗೆ ಒಳ್ಳೇ ಜೋಡಿ. ಅರ್ಧ ಕಿಲೋ ಹಾಕಿದ್ದೇನೆ.

ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮ್ಮ ರಾತ್ರಿ 9 ಅಂದರೆ ಅಲ್ಲಿಯ ತನಕ ನಿನಗೆ ಸಂಜೆ 5.30, ಆಮೇಲೆ 4.30. ಅಜ್ಜಿ ಒಂಬತ್ತೂವರೆಗೆಲ್ಲ ಮಲಗಿಬಿಡುತ್ತಾರೆ, ಅಷ್ಟರೊಳಗೆ ಫೋನ್ ಮಾಡು.

ನಿನ್ನ,
ಅಮ್ಮ